ಗಲ್ಲಪ್ಪ ಯಾವ ಊರಿನವನು

ಕಲಬುರಗಿಯಲ್ಲಿ ಕಮಲಾಪುರದ ಬಸ್ಸು ಹತ್ತಿ ಕೂತರೆ, ಕಂಡಕ್ಟರು ಟಿಕೆಟ್ ಕೇಳುವ ಮೊದಲೇ ಪಕ್ಕದ ಸೀಟಿನವರ ಪ್ರಶ್ನೆ ಬರುತ್ತದೆ: "ಯಾವ ಊರ್ರೀ ನಿಮ್ದು?" ಊರು ಹೇಳಿದರೆ ಮುಗಿಯುವುದಿಲ್ಲ. ಅದರ ಬೆನ್ನಿಗೇ ಎರಡನೆಯದು ಕಾದಿರುತ್ತದೆ: "ಯಾರ ಪೈಕಿ?" ಮೊದಲನೆಯದಕ್ಕೆ ಥಟ್ಟನೆ, ಎರಡನೆಯದಕ್ಕೆ ತುಸು ತಡೆದು ಉತ್ತರ ಕೊಡುವುದನ್ನು ನಾನು ಚಿಕ್ಕವನಿದ್ದಾಗಲೇ ಕಲಿತಿದ್ದೇನೆ. ಸಿಕ್ಕವರ ಮೂಲ ಕೆದಕುವ ಈ ಚಾಳಿ ನನಗೆ ಆಗದು ಎಂದು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಈಗ ನಲವತ್ತೆಂಟು ತುಂಬಿದ ಮೇಲೆ, ಎರಡು ವರ್ಷಗಳಿಂದ ನಾನೇ ಅದೇ ಪ್ರಶ್ನೆ ಹಿಡಿದು ಕೂತಿದ್ದೇನೆ. ಅದೂ ಯಾರಿಗೆ? ಫೋನಿನ ಆಟದೊಳಗಿನ ಒಂದು ಜೀವಿಗೆ. ಅದಕ್ಕೆ ಬಾಯಿಯೇ ಇಲ್ಲ.

ಶುರುವಾದದ್ದು ಹಲ್ಲುನೋವಿನಿಂದ. ದವಾಖಾನೆಯ ಬೆಂಚಿನ ಮೇಲೆ ನನ್ನ ಪಾಳಿ ಬರಲು ಇನ್ನೂ ಹನ್ನೊಂದು ಜನ ಇದ್ದರು. ನೋವು ಮರೆಯಲೆಂದು ಸಿಕ್ಕ ಒಂದು ಆಟವನ್ನು ಫೋನಿಗೆ ಇಳಿಸಿಕೊಂಡೆ. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ದೀಪವಿಲ್ಲದ ಊರು'. ಜನ ಬಿಟ್ಟುಹೋದ ಊರುಗಳಲ್ಲಿ ಓಣಿ ಓಣಿ ಅಲೆದು, ಮನೆ ಮನೆಯ ದೀಪ ಹಚ್ಚುತ್ತಾ ಹೋಗಬೇಕು, ಅಷ್ಟೇ ಆಟ. ದಾರಿಯಲ್ಲಿ ಕೆಲವು ಜೀವಿಗಳು ಮೈಮೇಲೆ ಬೀಳುತ್ತವೆ, ಕೆಲವು ದೀಪ ಆರಿಸುತ್ತವೆ. ಮೂರನೆಯ ಊರಿನ ಬಾವಿಯ ಹತ್ತಿರ ಮಾತ್ರ ಬೇರೊಂದು ಬರುತ್ತದೆ. ಮೊಳಕಾಲೆತ್ತರ, ಹಸಿ ಮಣ್ಣಿನ ಬಣ್ಣ, ಎರಡು ದೊಡ್ಡ ಕಣ್ಣು, ಉಬ್ಬಿದ ಗಲ್ಲ. ಬಾಯಿ ಇರಬೇಕಾದ ಜಾಗ ಬರೀ ನುಣುಪು. ಅದು ಹೊಡೆಯುವುದಿಲ್ಲ, ಓಡುವುದಿಲ್ಲ. ನಮ್ಮ ಹಿಂದೆ ಪುಟುಪುಟು ನಡೆದು ಬಂದು ಒಂದು ಮುಚ್ಚಿದ ಬಾಗಿಲ ಮುಂದೆ ಕುಳಿತುಬಿಡುತ್ತದೆ. ಅದು ಯಾಕೆ ಬಂತು, ಯಾಕೆ ಕೂತಿತು ಎಂದು ಆಟ ಎಲ್ಲಿಯೂ ಹೇಳುವುದಿಲ್ಲ. ಆಟ ಮಾಡಿದವರು ಅದಕ್ಕೊಂದು ಹೆಸರೂ ಇಟ್ಟಿಲ್ಲ. ಕನ್ನಡದವರು ಅದನ್ನು ಗಲ್ಲಪ್ಪ ಎನ್ನುತ್ತಾರೆ.

ಹೌದು, ಕನ್ನಡದವರು ಎಂದೆ. ಈ ಆಟದ ಹುಚ್ಚು ಹಿಡಿದವರದ್ದೇ ಒಂದು ಗ್ರೂಪು ಫೋನಿನಲ್ಲಿದೆ. ಅಲ್ಲಿ ಆಟ ಆಡುವುದು ಹೇಗೆಂಬ ಮಾತು ಕಡಿಮೆ. ಗಲ್ಲಪ್ಪ ಯಾರು ಎಂಬ ಜಗಳವೇ ಹೆಚ್ಚು. ಬಾವಿಯಲ್ಲಿ ಮುಳುಗಿದ ಮಗುವಿನ ಆತ್ಮ ಎಂದು ಕೆಲವರು. ದೀಪ ಹಚ್ಚುವ ನಾಯಕನೇ ಮುದುಕನಾದ ಮೇಲೆ ಹೀಗಾಗುತ್ತಾನೆ ಎಂದು ಕೆಲವರು. ನನ್ನದು ಬೇರೆಯದೇ: ಗಲ್ಲಪ್ಪ ನಾಯಕನ ಕಳೆದುಹೋದ ತಮ್ಮ. ಇದನ್ನು ಸಾಧಿಸಲು ನಾನು ಬರೆದದ್ದು ಕಡಿಮೆಯೇನಲ್ಲ. ಕಚೇರಿಯಲ್ಲಿ ನಾನು ಬರೆಯುವ ಟಿಪ್ಪಣಿ ಒಂದೂವರೆ ಸಾಲು ದಾಟುವುದಿಲ್ಲ, ಆ ಒಂದೂವರೆ ಸಾಲಿಗೂ ಸಾಹೇಬರು ಎರಡು ಸಲ ನೆನಪು ಮಾಡಬೇಕು. ಗಲ್ಲಪ್ಪನ ವಿಷಯದಲ್ಲಿ ಮಾತ್ರ ಉಪಶೀರ್ಷಿಕೆ ಹಾಕಿ ಪುಟಗಟ್ಟಲೆ ಬರೆದೆ. ಕಣ್ಣಿನ ಬಣ್ಣ ಹೋಲುತ್ತದೆ, ನಡೆಯುವಾಗ ಎಡಗಾಲು ಮೊದಲು ಇಡುತ್ತಾನೆ, ಹೀಗೆ ಏಳು ಆಧಾರ ಕೊಟ್ಟೆ. ನಾಲ್ಕು ಜನ ಹೆಬ್ಬೆರಳು ತೋರಿಸಿದರು. ಅದರಲ್ಲಿ ಒಬ್ಬರು ಕೈತಪ್ಪಿ ಒತ್ತಿದ್ದಾಗಿ ಆಮೇಲೆ ತಿಳಿಸಿದರು.

ಕಲಬುರಗಿಯ ಐವಾನ್-ಎ-ಶಾಹಿ ಕಡೆಯ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಹೆಂಡತಿ ಸುನಂದಾ ಇದನ್ನೆಲ್ಲಾ ಗಮನಿಸುತ್ತಿದ್ದಳು. ಒಂದು ದಿನ ಕೇಳಿಯೇ ಬಿಟ್ಟಳು.

"ಹಗಲೆಲ್ಲಾ ಯಾರ ಜೋಡಿ ಜಗಳಾಡ್ತೀರಿ ಅದರಾಗ?"

"ಗಲ್ಲಪ್ಪನ ಸಲುವಾಗಿ."

"ಅಂವ ಯಾರು?"

"ಅದ ಗೊತ್ತಾಗವಲ್ದು ನೋಡು."

ಅವಳು ರೊಟ್ಟಿ ಬಡಿಯಲು ಹೋದಳು.

ಗ್ರೂಪಿನಲ್ಲಿ ನನ್ನನ್ನು ಗೋಳು ಹೊಯ್ದುಕೊಂಡವರು ಒಬ್ಬರಿದ್ದರು. ಯಾರು ಏನೇ ಬರೆಯಲಿ, ಪುರಾವೆ ಕೇಳುವ ಒಂದೇ ಪದ ಇವರ ಉತ್ತರ: "ಸಬೂತ್?" ಗಲ್ಲಪ್ಪ ಆತ್ಮವೂ ಅಲ್ಲ, ತಮ್ಮನೂ ಅಲ್ಲ, ಚಿತ್ರ ಬರೆಯುವವನು ಅರ್ಧಕ್ಕೆ ಕೈಬಿಟ್ಟ ಬೊಂಬೆ, ಬಾಯಿ ಬರೆಯುವುದನ್ನು ಮರೆತಿದ್ದಾನೆ, ಅಷ್ಟೇ ಎಂದು ಅವರ ವಾದ. ನನಗೆ ಮೈ ಉರಿಯುತ್ತಿತ್ತು. ಒಂದು ಮಧ್ಯಾಹ್ನ ಹೀಗೇ ವಾದ ನಡೆದಿತ್ತು. ನಾನು "ಕರೆಂಟ್ ಹೋಯ್ತು, ಆಮೇಲೆ ಬರುವೆ" ಎಂದು ಬರೆದೆ. ಅದೇ ನಿಮಿಷ ಅವರೂ "ಕರೆಂಟ್ ಹೋಯ್ತು" ಎಂದು ಬರೆದರು. ಹತ್ತು ನಿಮಿಷದ ಮೇಲೆ ಇಬ್ಬರೂ ಒಟ್ಟಿಗೇ "ಬಂತು" ಎಂದೆವು. ಆಗ ಕೇಳಿದೆ, ಯಾವ ಊರ್ರೀ ನಿಮ್ದು? ಕಲಬುರಗಿ, ಸ್ಟೇಶನ್ ಬಜಾರ.

ಅವರೇ ಖಲೀಲ್ ಸಾಹೇಬರು, ಅಲ್ಲಿನ ಒಂದು ಹಳೆಯ ಲಾಡ್ಜಿನ ಮ್ಯಾನೇಜರು. ನನಗಿಂತ ಹತ್ತು ವರ್ಷ ದೊಡ್ಡವರು, ಮೂಗಿನ ತುದಿಗೆ ಕನ್ನಡಕ. ಬಂದು ಹೋಗುವವರ ಊರು, ಹೆಸರು, ಬಂದ ಕಾರಣ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದೇ ಮೂವತ್ತು ವರ್ಷಗಳ ಕೆಲಸ. ನಾನು ಮೊದಲ ಸಲ ಹೋದಾಗ ಚಹಾ ತರಿಸಿ, ನಗುತ್ತಾ ಹೇಳಿದರು:

"ನೋಡ್ರಿ ಭೀಮರಾಯರೇ, ಆಧಾರ್ ಇಲ್ದ ನಾ ರೂಮ್ ಕೊಡಂಗಿಲ್ಲ. ಆಧಾರ ಇಲ್ದ ಮಾತೂ ಒಪ್ಪಂಗಿಲ್ಲ. ಆದತ್ ಆಗಿಬಿಟ್ಟದ."

ಎದುರಿಗೆ ಕೂತು ನೋಡಿದರೆ ಜಗಳಾಡುವ ಮನುಷ್ಯನೇ ಅಲ್ಲ. ಆಮೇಲೆ ವಾರಕ್ಕೊಮ್ಮೆ ಅವರ ಕೌಂಟರಿನ ಪಕ್ಕದ ಸ್ಟೂಲು ನನ್ನದಾಯಿತು. ಗಿರಾಕಿ ಬಂದಾಗ ವಾದ ನಿಲ್ಲಿಸುತ್ತಿದ್ದೆವು, ಹೋದ ಮೇಲೆ ಮುಂದುವರಿಸುತ್ತಿದ್ದೆವು.

ಇನ್ನು ಅವ್ವನ ವಿಷಯ. ಅವಳು ಕಮಲಾಪುರದಲ್ಲಿ ನನ್ನ ತಮ್ಮನ ಮನೆಯಲ್ಲಿ ಇರುತ್ತಾಳೆ. ವಯಸ್ಸು ಎಪ್ಪತ್ತೈದು. ದುಡಿಯುವ ಕಾಲದಲ್ಲಿ ಕೆಂಪು ಬಾಳೆ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದಳು. ಈಗ ಮೊಮ್ಮಕ್ಕಳಿಗೂ ಸೊಸೆಗೂ ನಡುವೆ ರಾಜಿ ಮಾಡಿಸುವುದೇ ಅವಳ ಕೆಲಸ. ಯಾವುದರ ಮೂಲವನ್ನಾದರೂ ಹೇಳುವ ವಿದ್ಯೆ ಅವಳಿಗೆ ಮೊದಲಿಂದಲೂ ಇತ್ತು. ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆ ಮಳೆಗಾಲದಲ್ಲಿ ನೆನೆದು ಕಲೆ ಕಟ್ಟುತ್ತಿತ್ತು. ನಾನೂ ತಮ್ಮನೂ ಚಾಪೆಯ ಮೇಲೆ ಬಿದ್ದುಕೊಂಡು ಒಂದೊಂದು ಕಲೆಗೂ ಬೆರಳು ತೋರಿಸುತ್ತಿದ್ದೆವು. "ಇದು ಹುಮನಾಬಾದಿನಿಂದ ಬಂದ ಎಮ್ಮಿ ವ್ಯಾಪಾರಿ. ಎಮ್ಮಿ ತಪ್ಪಿಸಿಕೊಂಡದ, ಹುಡುಕಾಕತ್ಯಾನ" ಎನ್ನುತ್ತಿದ್ದಳು. ಮರುದಿನ ಅದೇ ಕಲೆ ದೊಡ್ಡದಾದರೆ, "ಎಮ್ಮಿ ಸಿಕ್ತು, ಇಬ್ಬರೂ ನಿಂತಾರ." ನಮಗೆ ಆ ವ್ಯಾಪಾರಿಯ ಹೆಂಡತಿಯ ಹೆಸರೂ ಗೊತ್ತಿತ್ತು. ಗೋಡೆಗೆ ಸುಣ್ಣ ಬಳಿದ ದಿನ ತಮ್ಮ ಅತ್ತಿದ್ದ.

ಒಂದು ಭಾನುವಾರ ಅವಳ ಪಕ್ಕ ಹೊರಸಿನ ಮೇಲೆ ಕೂತು ಆಡುತ್ತಿದ್ದೆ. ಮೂರನೆಯ ಊರು, ಬಾವಿ. ಗಲ್ಲಪ್ಪ ಹಿಂದೆ ಬಂದ. ಅವ್ವ ಬಗ್ಗಿ ನೋಡಿದಳು.

"ಯಾರಪ್ಪಾ ಇದು?"

"ಅದ ಯಾರಂತ ಯಾರಿಗೂ ಗೊತ್ತಿಲ್ಲವ್ವಾ. ಭಾಳ ಮಂದಿ ಬಡದಾಡಾಕತ್ತಾರ. ನೋಡು, ಬಾಯೇ ಇಲ್ಲ ಅದಕ್ಕ."

ಅವ್ವ ಫೋನನ್ನು ಕೈಗೆ ತೆಗೆದುಕೊಂಡಳು. ಕಣ್ಣಿಗೆ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದಳು.

"ಬಾಯಿ ಇಲ್ಲಂತ ಯಾರಂದ್ರು? ಬಾಯಾಗ ನೀರು ಹಿಡಕೊಂಡದ. ಗಲ್ಲ ನೋಡು. ಬಾವಿಯಿಂದ ತರಾಕತ್ತದ. ತುಟಿ ಬಿಗಿ ಮುಚ್ಚಿದ್ರ ಹಿಂಗ ಕಾಣಸ್ತದ."

"ಯಾರಿಗೆ ತರಾಕತ್ತದ?"

"ಆ ಬಾಗಿಲದಾಗ ಯಾರರ ಇರಬೇಕು" ಎಂದು ಫೋನು ವಾಪಸು ಕೊಟ್ಟು, ಅಕ್ಕಿ ಆರಿಸುವ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡಳು.

ತಮಾಷೆಗೆಂದು ಅದನ್ನು ಗ್ರೂಪಿನಲ್ಲಿ ಹಾಕಿದೆ. ನಮ್ಮ ತಾಯಿ ಹೀಗೆನ್ನುತ್ತಾರೆ ಎಂದು ಎರಡೇ ಸಾಲು. ಸಂಜೆಯ ಹೊತ್ತಿಗೆ ಗ್ರೂಪೇ ಮಗುಚಿಬಿತ್ತು. ಬಾವಿಯ ಹತ್ತಿರವೇ ಯಾಕೆ ಬರುತ್ತದೆ, ಯಾಕೆ ಮಾತಾಡುವುದಿಲ್ಲ, ಯಾಕೆ ಹೊಡೆಯುವುದಿಲ್ಲ, ಯಾಕೆ ಬಾಗಿಲಲ್ಲಿ ಕೂರುತ್ತದೆ, ಎಲ್ಲಕ್ಕೂ ಒಂದೇ ಉತ್ತರ ಸಿಕ್ಕಿತ್ತು. ಯಾರೋ ಅದನ್ನು ಇಂಗ್ಲಿಷಿಗೆ ತಿರುಗಿಸಿ ಬೇರೆ ಕಡೆ ಹಾಕಿದರು. ಎಲ್ಲೆಲ್ಲಿಯದೋ ಜನ ಚಿತ್ರ ಬರೆದು ಕಳಿಸಿದರು: ಗಲ್ಲಪ್ಪ ಬಾಡಿದ ಗಿಡಕ್ಕೆ ಬಗ್ಗಿ ನೀರು ಬಿಡುತ್ತಿರುವುದು, ಹಕ್ಕಿಮರಿಯ ಕೊಕ್ಕಿಗೆ ಹನಿಸುತ್ತಿರುವುದು. ಏಳು ಆಧಾರ ಕೊಟ್ಟಿದ್ದ ನನ್ನ 'ಕಳೆದುಹೋದ ತಮ್ಮ'ನನ್ನು ಕೇಳುವವರೇ ಇರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಹೆತ್ತ ತಾಯಿಯ ಮೇಲೆ ಹೊಟ್ಟೆಕಿಚ್ಚುಪಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಆದರೂ ಭಾನುವಾರ ಭಾನುವಾರ ಹೋಗಿ ಆ ಚಿತ್ರಗಳನ್ನು ಅವಳಿಗೆ ತೋರಿಸುತ್ತಿದ್ದೆ. ಒಂದೊಂದನ್ನೂ ಬಹಳ ಹೊತ್ತು ನೋಡುತ್ತಿದ್ದಳು. "ಗಲ್ಲಪ್ಪಗ ಏನಂತಾರಪಾ ಮಂದಿ?" ಎಂದು ತಾನಾಗಿಯೇ ಕೇಳತೊಡಗಿದಳು.

ಖಲೀಲ್ ಸಾಹೇಬರು ಮಾತ್ರ ಬಗ್ಗಲಿಲ್ಲ. ಸಬೂತ್ ಬೇಕು.

"ಅವ್ವನ್ನ ನಾನೇ ಕೇಳ್ತೀನ್ರಿ" ಎಂದರು ಒಂದು ದಿನ. ಸಂತೆಯ ದಿನ ರಜೆ ಹಾಕಿ ನನ್ನ ಜೊತೆ ಕಮಲಾಪುರಕ್ಕೆ ಬಂದೇ ಬಿಟ್ಟರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಅವ್ವನಿಗೆಂದು ಒಂದು ಪೊಟ್ಟಣ ಖಾರಿ ಬಿಸ್ಕತ್ತು. ಅವ್ವ ಅವರನ್ನು ಹೊರಸಿನ ಮೇಲೆ ಕೂರಿಸಿ, ತಾನು ಕಟ್ಟೆಯ ಮೇಲೆ ಕೂತಳು. ಮೊದಲು ಊರು ಕೇಳಿದಳು, ಮಕ್ಕಳು ಎಷ್ಟು ಎಂದು ಕೇಳಿದಳು. ಎಲ್ಲ ಮುಗಿದ ಮೇಲೆ ಸಾಹೇಬರು ಕನ್ನಡಕ ಸರಿಮಾಡಿಕೊಂಡರು.

"ಅವ್ವಾ, ಬಾಯಾಗ ನೀರು ಅದ ಅಂತ ನಿಮಗ ಹೆಂಗ ಗೊತ್ತಾತ್ರಿ?"

"ನಾ ತಂದೀನಲ್ಲಪಾ" ಎಂದಳು ಅವ್ವ.

ನಾನು ತಲೆ ಎತ್ತಿ ನೋಡಿದೆ. ಈ ಮಾತು ನಾನೂ ಕೇಳಿರಲಿಲ್ಲ.

ಅವಳು ಹೇಳಿದ್ದು ಇಷ್ಟು. ಆಗ ಅವಳಿಗೆ ಎಂಟು ವರ್ಷ, ತಂಗಿ ಚಂದ್ರಿಗೆ ನಾಲ್ಕು. ಅವರವ್ವ, ಅಂದರೆ ನಮ್ಮ ಆಯಿ, ಯಾರದೋ ಹೊಲದಲ್ಲಿ ಕಳೆ ಕೀಳಲು ಹೋಗಿದ್ದಳು. ಮಕ್ಕಳಿಬ್ಬರನ್ನೂ ಬದುವಿನ ಬೇವಿನ ಮರದ ಕೆಳಗೆ ಬಿಟ್ಟಿದ್ದಳು. ಚಂದ್ರಿಗೆ ಮೈ ಸುಡುವ ಜ್ವರ. ನೀರು ನೀರು ಎಂದು ಒಂದೇ ಸಮ ಅಳು. ನೀರು ತಂದಿದ್ದ ಮಣ್ಣಿನ ತತ್ರಾಣಿ ಬೆಳಿಗ್ಗೆಯೇ ಕಲ್ಲಿಗೆ ತಾಗಿ ಒಡೆದಿತ್ತು. ಆಯಿ ಹೊಲದ ಆಚೆ ತುದಿಯಲ್ಲಿ, ಕೂಗಿದರೆ ಕೇಳದಷ್ಟು ದೂರ.

"ಬಾವಿ ಇತ್ತು. ಆದ್ರ ನಮ್ಮ ಮಂದಿ ಮುಟ್ಟಂಗಿದ್ದಿಲ್ಲ. ದಂಡಿ ಮ್ಯಾಲೂ ಹತ್ತಂಗಿದ್ದಿಲ್ಲ. ನೀರು ಸೇದಾಂವ ಮ್ಯಾಲಿಂದ ಹಾಕ್ತಿದ್ದ, ನಾವು ಕೆಳಗ ಬೊಗಸಿ ಹಿಡೀತಿದ್ವಿ. ನಾ ಹೋಗಿ ನಿಂತೆ. ಹಾಕಿದ. ಬೊಗಸ್ಯಾಗ ಹಿಡಕೊಂಡು ಬೇವಿನ ಗಿಡದ ತನಕಾ ಬರೋದ್ರಾಗ ಎಲ್ಲಾ ಸೋರಿ ಹೋತು. ಮತ್ತ ಹೋದೆ. ಬಾಯಾಗ ತುಂಬಿಕೊಂಡೆ."

ತನ್ನ ಎರಡೂ ಗಲ್ಲಗಳನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. ಇಷ್ಟನ್ನೂ ಅವಳು ಸಿಟ್ಟಿಲ್ಲದೆ, ಅಳುವಿಲ್ಲದೆ, ಸಂತೆಯಿಂದ ಏನು ತಂದೆ ಎಂದು ಹೇಳುವ ದನಿಯಲ್ಲೇ ಹೇಳಿದಳು. ಬಸ್ಸಿನಲ್ಲಿ ಎರಡನೆಯ ಪ್ರಶ್ನೆಗೆ ತಡೆದು ಉತ್ತರಿಸುವ ನಾನು ನೆಲ ನೋಡುತ್ತಾ ಕೂತಿದ್ದೆ. ಖಲೀಲ್ ಸಾಹೇಬರು ಮೆಲ್ಲಗೆ ಕೇಳಿದರು:

"ಆ ಕೂಸು ಬದುಕಿತ್ರೀ?"

"ಬದುಕ್ಯಾಳ. ಎರಡು ಓಣಿ ಆಚೆ ಅದಾಳ, ಮಗಳ ಮನ್ಯಾಗ. ದಿನಾ ಒಂದು ಸಲ ನನ್ನ ಜೋಡಿ ಜಗಳಾ ತಗೀತಾಳ."

ಚಂದ್ರಿ ಎಂದರೆ ನಮ್ಮ ಚಿಗವ್ವನೇ. ಸಾಹೇಬರ ಮುಖದಲ್ಲಿ ಜೀವ ಬಂತು. ಸಮಾಧಾನವಾದ ಮೇಲೆ ಅವರೊಳಗಿನ ಮ್ಯಾನೇಜರು ಮತ್ತೆ ಎದ್ದ.

"ಒಂದು ಮಾತು ಅವ್ವಾ. ನೀವೂ ಸಣ್ಣ ಹುಡುಗಿ. ಬಿಸಲು ಬ್ಯಾರೆ. ಅಷ್ಟು ದೂರ ನುಂಗದಂಗ ಹೆಂಗ ತಂದ್ರಿ?"

ಅವ್ವ ಅವರನ್ನೇ ನೋಡಿದಳು. "ಬಾಳಿಹಣ್ಣು ಅದಾವ, ತರ್ತೀನಿ ತಡೀರಿ" ಎಂದು ಎದ್ದು ಒಳಗೆ ಹೋದಳು. ಕೆಂಪು ಬಾಳೆಯ ಚಿಪ್ಪು ತಂದು ಅವರ ತೊಡೆಯ ಮೇಲಿಟ್ಟಳು. ಆಮೇಲೆ ಆ ಮಾತು ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಹೇಳಿದ್ದು ಒಂದೇ ಮಾತು. "ಭೀಮರಾಯರೇ, ನಾ ಮೂವತ್ತು ವರ್ಷ ರಿಜಿಸ್ಟರ್ ಬರೆದೀನಿ. ಯಾರಿಗೂ ಸರಿಯಾಗಿ ಏನೂ ಕೇಳಿಲ್ಲ ಅನಸ್ತದ." ಅಂದಿನಿಂದ ಗ್ರೂಪಿನಲ್ಲಿ ಅವರು ಸಬೂತ್ ಕೇಳುವುದು ನಿಂತಿತು.

ಅದಾಗಿ ಮೂರು ತಿಂಗಳಿಗೆ, ಆಟ ಮಾಡಿದವರು ತಾವೇ ಬಾಯಿ ಬಿಟ್ಟರು. ಜನರ ಪ್ರಶ್ನೆಗಳಿಗೆಲ್ಲಾ ಉತ್ತರ ಬರೆದ ಒಂದು ದೊಡ್ಡ ಪತ್ರ. ಅದರ ಕೊನೆಯ ಕಡೆ ಗಲ್ಲಪ್ಪನೂ ಇದ್ದ. ಅವನ ಚಿತ್ರ ಪೂರ್ತಿಯಾಗಿರಲಿಲ್ಲ, ಬಾಯಿ ಬರೆಯುವುದು ಬಾಕಿ ಇತ್ತು, ಆಟ ಬಿಡುಗಡೆಯ ದಿನ ಬಂದುಬಿಟ್ಟಿತು, ಹಾಗೆಯೇ ಬಿಟ್ಟೆವು. ಇದರ ಹಿಂದೆ ಕಥೆ ಏನೂ ಇಲ್ಲ, ಕ್ಷಮಿಸಿ ಎಂದು ಬರೆದಿದ್ದರು. ಅಂದರೆ ಖಲೀಲ್ ಸಾಹೇಬರು ಮೊದಲ ದಿನದಿಂದ ಹೇಳಿದ್ದೇ ನಿಜ. ಗ್ರೂಪಿನ ತುಂಬ ಅವರಿಗೆ ಶಾಭಾಸ್‌ಗಿರಿ. ಅವರಿಂದ ಒಂದು ಅಕ್ಷರ ಬರಲಿಲ್ಲ. ನನಗೆ ಫೋನು ಮಾಡಿದರು.

"ಅವ್ವಗ ಹೇಳಬ್ಯಾಡ್ರಿ."

"ನೀವು ಗೆದ್ರಲ್ರಿ."

"ಗೆದ್ದು ಏನ್ ಮಾಡ್ಲಿ ಭಾಯ್. ಆಕಿ ಮುಂದ ಕೂತು ಬಂದೀನಿ ನಾನು."

ನನಗೂ ಹೇಳುವ ಮನಸ್ಸಿರಲಿಲ್ಲ. ಆದರೆ ಭಾನುವಾರ ಹೋದ ಕೂಡಲೇ ಅವ್ವ ಎಂದಿನಂತೆ ಕೇಳಿದಳು, ಗಲ್ಲಪ್ಪಗ ಏನಂತಾರಪಾ? ಅವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡ ಇತಿಹಾಸ ನನಗಿಲ್ಲ. ಹೇಳಿದೆ. ಬಾಯಿ ಬರೆಯುವುದು ಮರೆತರಂತೆ, ಒಳಗೆ ನೀರು ಗೀರು ಏನೂ ಇಲ್ಲವಂತೆ.

ಅವ್ವನಿಗೆ ಬೇಸರವಾದಂತೆ ಕಾಣಲಿಲ್ಲ.

"ಮತ್ತ ಆ ಸಾಬರು ಕೇಳಿದ್ರಲ್ಲಪಾ, ನುಂಗದಂಗ ಹೆಂಗ ತಂದಿ ಅಂತ."

"ಹ್ಞೂಂ."

"ನುಂಗಿದ್ದೆ."

ನಾನು ಫೋನು ಪಕ್ಕಕ್ಕಿಟ್ಟೆ.

"ಗಿಡದ ಹತ್ರಕ್ಕ ಬಂದಿದ್ದೆ. ಇನ್ನ ನಾಕು ಹೆಜ್ಜಿ. ನನಗೂ ನೀರಡಿಕಿ ಆಗಿತ್ತು ಯಪ್ಪಾ. ಬೇಕಂತ ನುಂಗಲಿಲ್ಲ. ಬಾಯಾಗ ಬೆಚ್ಚಗ ಇತ್ತು, ತಾನ ಇಳದ ಹೋತು. ಮತ್ತ ಓಡಿ ಹೋದೆ. ಆ ಮನಶ್ಯಾ ಎಷ್ಟು ಸಲ ಬರ್ತಿ ಅಂತ ಬೈದ. ನಿಂತೇ ಇದ್ದೆ. ಆಮ್ಯಾಲ ಹಾಕಿದ. ಆಗ ತಂದು ಕುಡಸಿದೆ. ಆದ್ರ ಆ ಮೊದಲಿನ ನೀರು ಆಕಿದು. ನಾ ಕುಡದೆ. ಚಂದ್ರಿಗೆ ಇವತ್ತಿನ ತನಕಾ ಹೇಳಿಲ್ಲ."

ಅರವತ್ತೇಳು ವರ್ಷ. ಈ ನಡುವೆ ಅವಳು ಮೂರು ಮಕ್ಕಳನ್ನು ಹೆತ್ತಳು, ಒಂದನ್ನು ಕಳೆದುಕೊಂಡಳು, ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟಳು, ನನ್ನನ್ನು ಓದಿಸಿದಳು. ಅಷ್ಟರ ನಡುವೆಯೂ ಒಂದು ಗುಟುಕು ನೀರು ಹೀಗೆ ಉಳಿದುಕೊಂಡಿತ್ತು. ಅವ್ವಾ, ನಿನಗೆ ಆಗ ಎಂಟೇ ವರ್ಷ ಎಂದು ಏನೋ ಸಮಾಧಾನ ಹೇಳಹೋದೆ. ಅವಳು ಕೇಳಿಸಿಕೊಳ್ಳಲಿಲ್ಲ. ಕೋಲು ಹುಡುಕಿಕೊಂಡು ಎದ್ದಳು.

"ನಡಿ. ಚಂದ್ರಿ ಮನಿಗೆ ಕರಕೊಂಡು ಹೋಗು."

ಎರಡು ಓಣಿಯ ದಾರಿಗೆ ಕಾಲು ಗಂಟೆ ಹಿಡಿಯಿತು. ಚಿಗವ್ವ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಅಕ್ಕನನ್ನು ನೋಡಿ, "ಈ ಬಿಸಲಾಗ ಯಾಕ ಬಂದಿ, ತಲಿ ಕೆಟ್ಟದೇನು ನಿಂದು" ಎಂದು ಆ ದಿನದ ಜಗಳ ತೆಗೆದಳು. ಅವ್ವ ಅವಳ ಪಕ್ಕ ಕೂತಳು. ಪೀಠಿಕೆ ಹಾಕಲಿಲ್ಲ. ಹೊಲ, ಜ್ವರ, ಬಾವಿ ಎಂದು ಶುರುಮಾಡಿ, ಮೊದಲಿನ ನೀರು ನಾನೇ ನುಂಗಿದ್ದೆ ಎಂಬಲ್ಲಿಗೆ ನಿಲ್ಲಿಸಿದಳು.

ಚಿಗವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತದ" ಎಂದಳು.

"ಏನು ಗೊತ್ತದ? ನಾಕು ವರ್ಷದಾಕಿ ನೀನು."

"ಉಳಿದಿದ್ದು ಏನೂ ನೆನಪಿಲ್ಲ. ಅದೊಂದು ಅದ. ನೀ ಬಂದು ನನ್ನ ಮುಂದ ನಿಂತಿ. ನಾ ಬಾಯಿ ತಗದೆ. ನೀನೂ ಬಾಯಿ ತಗದಿ, ಏನೂ ಇದ್ದಿಲ್ಲ. ಆಮ್ಯಾಲ ನೀ ಅಳಾಕತ್ತಿ. ನೀ ಅಳೋದು ನೋಡಿ ನಾ ನೀರು ಕೇಳೋದು ಬಿಟ್ಟೆ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?"

ಚಿಗವ್ವ ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕೆ ಕೊಡವಿದಳು.

"ಮತ್ತ ಓಡಿ ಹೋದಿ ನೀನು. ಕಾಲಾಗ ಚಪ್ಪಲಿ ಇದ್ದಿಲ್ಲ, ನೆಲಾ ಸುಡ್ತಿತ್ತು, ಜಿಗದಾಡಿ ಜಿಗದಾಡಿ ಓಡಿದಿ. ನಾ ಮಕ್ಕೊಂಡು ನೋಡಾಕತ್ತಿದ್ದೆ. ನನಗ ಅದ ನೆನಪದ ನೋಡವ್ವಾ. ನುಂಗಿದ್ದು ನೀನ ಇಟ್ಟಕೋ."

ಅವ್ವ, ಪಕ್ಕದಲ್ಲಿ ಕೂತವಳಿಗೆ ಎಪ್ಪತ್ತೊಂದು ವರ್ಷ ಎಂಬುದನ್ನು ಮರೆತವಳಂತೆ ಕೈ ಚಾಚಿ, ತಂಗಿಯ ಹಣೆಯ ಮೇಲೆ ಅಂಗೈ ಇಟ್ಟು, ಜ್ವರ ಇದೆಯೇ ಎಂದು ನೋಡಿದಳು.